ಕಡಲಿನ ಗಂಟು, ನೆಲದ ಕಿಲೋಮೀಟರು

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಕರಾವಳಿಯ ಪತ್ರಿಕೆಗಳಲ್ಲಿ ಒಂದು ಪ್ರಕಟಣೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಗಾಳಿ ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಬೀಸಲಿದೆ, ಆಗಾಗ 65 ಕಿಲೋಮೀಟರಿಗೂ ಏರಬಹುದು, ಮೀನುಗಾರರು ಕಡಲಿಗೆ ಇಳಿಯಬಾರದು ಎಂಬುದು ಅದರ ಸಾರಾಂಶ. ಚಂಡಮಾರುತದ ಸುದ್ದಿಯಾದರೆ ಅಂಕಿಗಳು ಇನ್ನಷ್ಟು ವಿಚಿತ್ರ. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಚಂಡಮಾರುತ, 89ಕ್ಕೆ ತೀವ್ರ ಚಂಡಮಾರುತ, 118ಕ್ಕೆ ಅತಿ ತೀವ್ರ, 222 ದಾಟಿದರೆ ಸೂಪರ್ ಸೈಕ್ಲೋನ್. ಸುಲಭವಾಗಿ ನೆನಪಿಡುವಂತೆ 60, 90, 120 ಎಂದು ಗೆರೆ ಎಳೆಯಬಾರದಿತ್ತೆ?

ಎಳೆಯುವಂತಿರಲಿಲ್ಲ. ಏಕೆಂದರೆ ಇವೆಲ್ಲ ಅನುವಾದಿತ ಅಂಕಿಗಳು. ಮೂಲ ಗೆರೆಗಳನ್ನು ಎಳೆದದ್ದು ನಾವಿಕರ ಅಳತೆಯಲ್ಲಿ: 34, 48, 64 ಮತ್ತು 120 ನಾಟ್. 33 ನಾಟ್‌ವರೆಗೆ, ಅಂದರೆ ಸುಮಾರು 61 ಕಿ.ಮೀ.ವರೆಗೆ, ಅದು ವಾಯುಭಾರ ಕುಸಿತದ ಲೆಕ್ಕದಲ್ಲೇ ಇರುತ್ತದೆ. 34ಕ್ಕೆ ಕಾಲಿಟ್ಟ ಕೂಡಲೇ ಅದಕ್ಕೆ ಚಂಡಮಾರುತದ ಪದವಿ. ಈ ಅನುವಾದದಲ್ಲಿ ಎಡವಿದರೆ ಆಗುವ ಹಾನಿ ಸಣ್ಣದಲ್ಲ. ನಾಟನ್ನು ಕಿಲೋಮೀಟರ್ ಎಂದೇ ಓದಿಕೊಂಡವನಿಗೆ 35 ಎಂಬುದು ಪೇಟೆಬೀದಿಯ ಸ್ಕೂಟರಿನ ವೇಗ. ಕಡಲಿನಲ್ಲಿ ಅದು ಸಣ್ಣ ದೋಣಿಯನ್ನು ಮಗುಚುವ ಗಾಳಿ.

ಇಂಗ್ಲಿಷಿನ ನಾಟ್ ಎಂದರೆ ಗಂಟು, ಹಗ್ಗಕ್ಕೆ ಹಾಕುವ ಗಂಟು. ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲು. ಗಂಟೆ ಎಂಬ ಮಾತು ಆ ಒಂದು ಪದದೊಳಗೇ ಅಡಗಿರುವುದರಿಂದ ‘ಗಂಟೆಗೆ 20 ನಾಟ್’ ಎಂದು ಬರೆಯುವುದು ತಪ್ಪು. ‘20 ನಾಟ್’ ಎಂದರೆ ಸಾಕು. ಕನ್ನಡದಲ್ಲಿ ಗಂಟು, ಗಂಟೆ ಎರಡೂ ಅಕ್ಕಪಕ್ಕದ ಮನೆಯವರಂತೆ ಕೇಳಿಸುವುದು ಕೇವಲ ಆಕಸ್ಮಿಕ. ಆದರೆ ಗಂಟು ಹಾಕಿದ ಹಗ್ಗದಿಂದ ಗಂಟೆಯ ವೇಗ ತಿಳಿಯುವುದು ಹೇಗೆ ಎಂಬ ಕತೆ ಮಾತ್ರ ನಿಜವಾದದ್ದು, ಸ್ವಾರಸ್ಯವಾದದ್ದು.

ನೆಲದ ಮೇಲೆ ಹೋಗುವವನಿಗೆ ಪಕ್ಕದ ಮರ, ಮೈಲುಗಲ್ಲು, ಊರುಗಳು ಹಿಂದೆ ಸರಿಯುವುದು ಕಾಣುತ್ತದೆ. ನಡುಗಡಲಿನಲ್ಲಿ ಹಿಂದೆ ಸರಿಯುವ ವಸ್ತುವೇ ಇಲ್ಲ. ಹಾಗಾದರೆ ಒಂದು ವಸ್ತುವನ್ನು ನಾವೇ ನೀರಿನಲ್ಲಿ ಬಿಟ್ಟು, ಅದು ಎಷ್ಟು ಬೇಗ ಹಿಂದುಳಿಯುತ್ತದೆ ನೋಡಿದರೆ? ಇಂಗ್ಲೆಂಡಿನ ವಿಲಿಯಂ ಬೋರ್ನ್ 1574ರಲ್ಲಿ ಪ್ರಕಟಿಸಿದ ನಾವಿಕರ ಕೈಪಿಡಿಯಲ್ಲಿ ಈ ಉಪಾಯದ ವಿವರಣೆ ಇದೆ. ಕಾಲು ವೃತ್ತದ ಆಕಾರದ ಒಂದು ಮರದ ಹಲಗೆ. ಅದರ ಬಾಗಿದ ಅಂಚಿಗೆ ಸೀಸ ಕೂರಿಸಿದ್ದರಿಂದ ಅದು ನೀರಿನಲ್ಲಿ ನೆಟ್ಟಗೆ ನಿಂತು, ಹಡಗಿನ ಜೊತೆ ಎಳೆದುಕೊಂಡು ಬರದೆ ಇದ್ದಲ್ಲೇ ಇರುತ್ತದೆ. ಹಲಗೆಗೆ ಕಟ್ಟಿದ ಉದ್ದನೆಯ ಹಗ್ಗ ಒಂದು ರಾಟೆಗೆ ಸುತ್ತಿರುತ್ತದೆ. ಹಗ್ಗದಲ್ಲಿ ಸಮ ಅಂತರಕ್ಕೆ ಗಂಟುಗಳು.

ಈ ಕೆಲಸಕ್ಕೆ ಮೂವರು ಬೇಕು. ಒಬ್ಬ ರಾಟೆಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯುತ್ತಾನೆ, ಒಬ್ಬ ಹಲಗೆಯನ್ನು ಹಿಂಬದಿಯಿಂದ ನೀರಿಗೆ ಎಸೆಯುತ್ತಾನೆ, ಮೂರನೆಯವನ ಕೈಯಲ್ಲಿ ಪುಟ್ಟ ಮರಳುಗಡಿಯಾರ. ಹಡಗಿನ ಹಿಂದೆ ಏಳುವ ಸುಳಿಯಿಂದ ಹಲಗೆ ಆಚೆ ಹೋಗಲಿ ಎಂದು ಮೊದಲ ಒಂದಷ್ಟು ಹಗ್ಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಮುಗಿಯುವಲ್ಲಿ ಒಂದು ಬಟ್ಟೆಯ ಚೂರು ಕಟ್ಟಿರುತ್ತದೆ. ಆ ಚೂರು ಕೈ ಸವರಿಕೊಂಡು ಹೋದ ಕ್ಷಣಕ್ಕೆ ಮರಳುಗಡಿಯಾರ ತಿರುಗುತ್ತದೆ. ಮರಳು ಮುಗಿದ ಕೂಡಲೇ ಹಗ್ಗ ಹಿಡಿದು ನಿಲ್ಲಿಸುತ್ತಾರೆ. ಅಷ್ಟರಲ್ಲಿ ಐದು ಗಂಟು ಹೊರಗೆ ಹೋಗಿದ್ದರೆ ವೇಗ ಐದು ಗಂಟು. ಜಗ್ಗಿ ಎಳೆದರೆ ಹಲಗೆಯ ಒಂದು ಗೂಟ ಕಳಚಿಕೊಂಡು ಅದು ಅಡ್ಡ ಬೀಳುತ್ತದೆ, ಸುಲಭವಾಗಿ ಮೇಲೆ ಬರುತ್ತದೆ. ಬಂದ ಅಂಕಿಯನ್ನು ಬರೆದಿಡುವ ಪುಸ್ತಕವೇ ಲಾಗ್ ಪುಸ್ತಕ. ಲಾಗ್ ಎಂದರೆ ಇಂಗ್ಲಿಷಿನಲ್ಲಿ ಮರದ ತುಂಡು. ಈಗ ಕಂಪ್ಯೂಟರಿಗೆ ‘ಲಾಗಿನ್’ ಆಗುವವರು ನೀರಿಗೆ ಎಸೆದ ಆ ಹಲಗೆಯ ಹೆಸರನ್ನೇ ದಿನವೂ ಹೇಳುತ್ತಿರುತ್ತಾರೆ.

ಉಪಾಯದ ಒಳಗಿನ ಗಣಿತ ಶಾಲೆಯ ತ್ರೈರಾಶಿಗಿಂತ ಕಷ್ಟದ್ದಲ್ಲ. ಇಂಗ್ಲಿಷ್ ಹಡಗುಗಳಲ್ಲಿ ಕೊನೆಗೆ ನೆಲೆನಿಂತ ಪದ್ಧತಿಯಲ್ಲಿ ಮರಳು 28 ಸೆಕೆಂಡಿಗೆ ಮುಗಿಯುತ್ತದೆ, ಗಂಟುಗಳ ನಡುವೆ 47 ಅಡಿ 3 ಅಂಗುಲ. ಗಂಟೆಗೆ 3,600 ಸೆಕೆಂಡು. 28 ಸೆಕೆಂಡಿಗೆ 47 ಅಡಿ 3 ಅಂಗುಲವಾದರೆ 3,600 ಸೆಕೆಂಡಿಗೆ ಎಷ್ಟು? ಸುಮಾರು 6,080 ಅಡಿ. ಅದೇ ಹಳೆಯ ಬ್ರಿಟಿಷ್ ನಾಟಿಕಲ್ ಮೈಲು. ಒಂದು ಗಂಟೆಯ ಓಟವನ್ನು ಅರ್ಧ ಮಿನಿಟಿಗೂ ಕಡಿಮೆ ಹೊತ್ತಿಗೆ ಕುಗ್ಗಿಸಿ, ಮೈಲಿಯನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಿ ಹಗ್ಗಕ್ಕೆ ಕಟ್ಟಿದ್ದರು. ನಾವಿಕನು ಗುಣಿಸುವುದೂ ಬೇಡ, ಭಾಗಿಸುವುದೂ ಬೇಡ. ಎಣಿಸಲು ಬಂದರೆ ಸಾಕು. ಹಡಗು ಬಲು ವೇಗದಲ್ಲಿದ್ದರೆ 14 ಸೆಕೆಂಡಿನ ಗಡಿಯಾರ ಹಿಡಿದು, ಬಂದ ಗಂಟುಗಳನ್ನು ದುಪ್ಪಟ್ಟು ಮಾಡುತ್ತಿದ್ದರು. ನೆನೆದ ಹಗ್ಗ ಕುಗ್ಗುತ್ತದೆ, ಎಳೆದ ಹಗ್ಗ ಹಿಗ್ಗುತ್ತದೆ. ಅದಕ್ಕಾಗಿ ಹಡಗಿನ ಅಟ್ಟದ ಮೇಲೆ ಮೊಳೆ ಹೊಡೆದು ಗಂಟಿನ ಅಂತರವನ್ನು ಆಗಾಗ ಅಳೆದು ನೋಡುವ ರೂಢಿಯೂ ಇತ್ತು.

ಆದರೆ 6,080 ಅಡಿಯ ಈ ಮೈಲು ಎಲ್ಲಿಂದ ಬಂತು? ನೆಲದ ಇಂಗ್ಲಿಷ್ ಮೈಲು 5,280 ಅಡಿ. ಕಡಲಿನವರಿಗೆ ಬೇರೆಯದೇ ಮೈಲು ಯಾಕೆ?

ಕಡಲಿನ ಮೈಲನ್ನು ಯಾವ ರಾಜನೂ ಕಲ್ಲು ನೆಟ್ಟು ನಿಗದಿ ಮಾಡಲಿಲ್ಲ. ಅದು ಭೂಮಿಯದೇ ಒಂದು ತುಂಡು. ಧ್ರುವದಿಂದ ಧ್ರುವಕ್ಕೆ ಸುತ್ತಿ ಬರುವ ವೃತ್ತವನ್ನು 360 ಡಿಗ್ರಿಯಾಗಿ, ಪ್ರತಿ ಡಿಗ್ರಿಯನ್ನು 60 ಮಿನಿಟಾಗಿ ಭಾಗ ಮಾಡಿದರೆ ಅಂಥ ಒಂದು ಮಿನಿಟಿನ ಉದ್ದವೇ ನಾಟಿಕಲ್ ಮೈಲು. ಇದು ಗಡಿಯಾರದ ಮಿನಿಟಲ್ಲ, ಕೋನದ ಮಿನಿಟು. ನಮ್ಮ ಪಂಚಾಂಗದವರು ಇದನ್ನು ಕಲೆ ಎನ್ನುತ್ತಾರೆ: 60 ಕಲೆಗೆ ಒಂದು ಭಾಗೆ, 360 ಭಾಗೆಗೆ ಒಂದು ಚಕ್ರ. ಅರವತ್ತರ ಈ ಲೆಕ್ಕ ಬ್ಯಾಬಿಲೋನಿನ ಕಾಲದಷ್ಟು ಹಳೆಯದು.

ಇದರ ಅನುಕೂಲ ನಕ್ಷೆಯ ಮುಂದೆ ಕುಳಿತಾಗ ತಿಳಿಯುತ್ತದೆ. ಕರ್ನಾಟಕದ ಕರಾವಳಿಯನ್ನೇ ನೋಡಬಹುದು. 13 ಡಿಗ್ರಿ ಉತ್ತರ ಅಕ್ಷಾಂಶದ ಗೆರೆ ಸುರತ್ಕಲ್ಲಿನ ಹತ್ತಿರ ಹಾದುಹೋಗುತ್ತದೆ, 14 ಡಿಗ್ರಿಯ ಗೆರೆ ಭಟ್ಕಳದ ಹತ್ತಿರ. ಕಡಲಲ್ಲಿ 13ರ ಗೆರೆಯ ಮೇಲಿರುವ ಹಡಗು ನೇರ ಉತ್ತರಕ್ಕೆ ಹೋಗಿ 14ರ ಗೆರೆ ಮುಟ್ಟಬೇಕಾದರೆ ಎಷ್ಟು ದೂರ? ಒಂದು ಡಿಗ್ರಿ ಎಂದರೆ 60 ಮಿನಿಟು, ಹಾಗಾಗಿ 60 ನಾಟಿಕಲ್ ಮೈಲು. 10 ನಾಟ್ ವೇಗವಿದ್ದರೆ 6 ಗಂಟೆಯ ದಾರಿ. ಅದನ್ನೇ ಕಿಲೋಮೀಟರಿನಲ್ಲಿ ಕೇಳಿದರೆ 111.12ನ್ನು 18.52ರಿಂದ ಭಾಗಿಸುತ್ತ ಕೂರಬೇಕು. ಹಡಗಿನವನು ನಕ್ಷೆಯ ಮೇಲೆ ಎರಡು ಜಾಗಗಳ ನಡುವೆ ಕೈವಾರ ಇಟ್ಟು, ಅದನ್ನು ಹಾಗೆಯೇ ಎತ್ತಿ ನಕ್ಷೆಯ ಬದಿಯಲ್ಲಿರುವ ಅಕ್ಷಾಂಶದ ಪಟ್ಟಿಯ ಮೇಲೆ ಇಡುತ್ತಾನೆ. ಎಷ್ಟು ಮಿನಿಟು ಬಂತೋ ಅಷ್ಟು ಮೈಲು. ಪ್ರತಿ ನಕ್ಷೆಯ ಅಂಚಿನಲ್ಲೂ ಅಳತೆಕೋಲು ಮುದ್ರಿತವಾಗಿಯೇ ಇದೆ. ಮೆಟ್ರಿಕ್ ಪದ್ಧತಿ ಜಗತ್ತನ್ನೆಲ್ಲ ಗೆದ್ದರೂ ಕಡಲಿನಲ್ಲಿ ಸೋತದ್ದು ಇದೇ ಕಾರಣಕ್ಕೆ.

ಭೂಮಿಯ ಒಂದು ಮಿನಿಟಿನ ಉದ್ದ ಎಷ್ಟು ಅಡಿ ಎಂಬುದು ಮಾತ್ರ ಬಹಳ ಕಾಲ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಳೆಯ ಇಂಗ್ಲಿಷ್ ನಾವಿಕರು ಅದನ್ನು 5,000 ಅಡಿ ಎಂದು ನಂಬಿದ್ದರು. ಅದಕ್ಕೆ ತಕ್ಕಂತೆ 30 ಸೆಕೆಂಡಿನ ಮರಳುಗಡಿಯಾರಕ್ಕೆ ಏಳು ಮಾರಿಗೊಂದು, ಅಂದರೆ 42 ಅಡಿಗೊಂದು ಗಂಟು. ರಿಚರ್ಡ್ ನಾರ್ವುಡ್ ಎಂಬ ಗಣಿತದ ಮೇಷ್ಟರು ಇದನ್ನು ಪರೀಕ್ಷಿಸಲು ಹೊರಟರು. ಬೇಸಗೆಯ ಅತಿ ದೀರ್ಘ ಹಗಲಿನ ದಿನ ನಡುಮಧ್ಯಾಹ್ನಕ್ಕೆ ಸೂರ್ಯ ಎಷ್ಟು ಎತ್ತರದಲ್ಲಿರುತ್ತಾನೆ ಎಂದು 1633ರಲ್ಲಿ ಲಂಡನ್ನಿನಲ್ಲಿ, 1635ರಲ್ಲಿ ಯಾರ್ಕ್ ನಗರದಲ್ಲಿ ಅಳೆದರು. ಎರಡು ಊರುಗಳ ನಡುವಿನ ದಾರಿಯನ್ನು ಸರಪಳಿ ಹಾಕಿ, ಸರಪಳಿ ಹಾಕಲಾಗದ ಕಡೆ ಹೆಜ್ಜೆ ಎಣಿಸಿ ಅಳೆದರು. ಡಿಗ್ರಿಗೆ 3,67,200 ಅಡಿ, ಮಿನಿಟಿಗೆ 6,120 ಅಡಿ ಎಂದು 1637ರಲ್ಲಿ ಪ್ರಕಟಿಸಿದರು. ಇಂದಿನ ಲೆಕ್ಕಕ್ಕೆ ಹೋಲಿಸಿದರೆ ನೂರರಲ್ಲಿ ಒಂದು ಪಾಲಿನಷ್ಟೂ ತಪ್ಪಿಲ್ಲ. ಹೆಜ್ಜೆಯಿಂದ ಅಳೆದ ಭೂಮಿಗೆ ಇದು ಅದ್ಭುತವೆಂದೇ ಹೇಳಬೇಕು.

ಹಾಗಿದ್ದರೂ ನಾವಿಕರು ಕೂಡಲೇ ಹಗ್ಗ ಬದಲಿಸಲಿಲ್ಲ. ಅದು ಬರೀ ಹಟವಲ್ಲ. ಗಂಟುಗಳು ಹತ್ತಿರ ಹತ್ತಿರ ಇದ್ದರೆ ಹೆಚ್ಚು ಗಂಟು ಹೊರಗೆ ಹೋಗುತ್ತವೆ; ಲೆಕ್ಕದಲ್ಲಿ ನೂರು ಮೈಲು ಬಂದಾಗ ಹಡಗು ನಿಜಕ್ಕೂ ಬಂದಿರುವುದು 83 ಮೈಲು. ಅಂದರೆ ದಡ ಇನ್ನೂ ದೂರವಿರುವಾಗಲೇ ಹತ್ತಿರ ಬಂತೆಂದು ಎಲ್ಲರೂ ಎಚ್ಚೆತ್ತಿರುತ್ತಾರೆ. ಕತ್ತಲಲ್ಲಿ ಬಂಡೆಗೆ ಬಡಿಯುವುದಕ್ಕಿಂತ ಬಾರದ ದಡಕ್ಕಾಗಿ ಒಂದು ದಿನ ಕಾಯುವುದು ಮೇಲಲ್ಲವೆ? ತಪ್ಪು ಅಳತೆಯನ್ನು ತಿಳಿದೇ ಇಟ್ಟುಕೊಂಡ ಈ ಜಾಣತನ ಪುಸ್ತಕದ ಗಣಿತಕ್ಕೆ ಸಿಗುವಂಥದಲ್ಲ.

ನಮ್ಮ ಅರಬ್ಬೀ ಕಡಲಿನ ನಾವಿಕರಿಗೂ ಗಂಟಿನ ಹಗ್ಗವೊಂದಿತ್ತು, ಆದರೆ ಬೇರೆ ಉದ್ದೇಶಕ್ಕೆ. ಕಮಾಲ್ ಎಂಬ ಆ ಉಪಕರಣ ಒಂದು ಚಿಕ್ಕ ಹಲಗೆ, ಅದರ ನಡುವಿನಿಂದ ಹೊರಟ ಒಂದು ದಾರ, ದಾರದಲ್ಲಿ ಗಂಟುಗಳು. ಗಂಟನ್ನು ಹಲ್ಲಿನಲ್ಲಿ ಕಚ್ಚಿ ಹಲಗೆಯನ್ನು ಮುಂದೆ ಚಾಚಿ ಹಿಡಿದು, ಕೆಳ ಅಂಚು ದಿಗಂತಕ್ಕೂ ಮೇಲಿನ ಅಂಚು ಧ್ರುವ ನಕ್ಷತ್ರಕ್ಕೂ ತಾಗಿದರೆ ಆ ಗಂಟಿನ ಬಂದರಿನ ಅಕ್ಷಾಂಶಕ್ಕೆ ಬಂದಂತೆ. ಎತ್ತರವನ್ನು ಅವರು ಬೆರಳಿನಲ್ಲಿ ಹೇಳುತ್ತಿದ್ದರು. ಒಂದು ಬೆರಳು, ಅರಬ್ಬೀಯಲ್ಲಿ ಇಸ್ಬಾ, ಎಂದರೆ ವೃತ್ತದ 224ನೆಯ ಒಂದು ಪಾಲು. ಉತ್ತರಕ್ಕೆ ಹೋಗುತ್ತ ನಕ್ಷತ್ರ ಒಂದು ಬೆರಳು ಮೇಲೇರುವಷ್ಟು ದೂರದ ಎಂಟನೆಯ ಒಂದು ಭಾಗಕ್ಕೆ ಜಾಮ್ ಎಂದು ಹೆಸರು. ಮೂರು ಗಂಟೆಯ ಓಟವೂ ಒಂದು ಜಾಮ್. ಸಂಸ್ಕೃತದ ಯಾಮ, ಕನ್ನಡದ ಜಾವಗಳಿಗೆ ಇದು ನೆಂಟ ಎನ್ನುವ ವಿದ್ವಾಂಸರಿದ್ದಾರೆ. ನಮ್ಮ ಜಾವವೂ ಮೂರು ಗಂಟೆಯದೇ. ಲೆಕ್ಕ ಹಾಕಿದರೆ ಒಂದು ಜಾಮ್ ಸುಮಾರು 12 ನಾಟಿಕಲ್ ಮೈಲು. ಮೂರು ಗಂಟೆಗೆ 12 ಎಂದರೆ 4 ನಾಟ್, ಗಂಟೆಗೆ ಏಳೂವರೆ ಕಿ.ಮೀ.ಗಿಂತ ತುಸು ಕಡಿಮೆ. ವಿಜಯನಗರದ ಕಾಲದಲ್ಲಿ ಹೊರ್ಮುಜಿನಿಂದ ಭಟ್ಕಳಕ್ಕೆ ಕುದುರೆ ತರುತ್ತಿದ್ದ ಹಾಯಿ ಹಡಗುಗಳ ಕಾಲದ ಲೆಕ್ಕ ಇದು.

ಇನ್ನು ಕಿಲೋಮೀಟರಿನ ಜಾತಕ. ಕಿಲೋಮೀಟರ್ ಎಂದರೆ ನೆಲದವರು ತಮಗೆ ಬೇಕಾದಂತೆ ಮಾಡಿಕೊಂಡ ಅಳತೆ, ನಾಟಿಕಲ್ ಮೈಲು ಮಾತ್ರ ಭೂಮಿಯ ಅಳತೆ ಎಂದು ತೋರಬಹುದು. ಹಾಗಲ್ಲ. 1791ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಮೀಟರನ್ನು ರೂಪಿಸಿದ್ದು ಕೂಡ ಅದೇ ಭೂಮಿಯ ಅದೇ ವೃತ್ತದಿಂದ. ಸಮಭಾಜಕ ವೃತ್ತದಿಂದ ಧ್ರುವದವರೆಗಿನ ದೂರದ ಒಂದು ಕೋಟಿಯ ಒಂದು ಪಾಲು ಮೀಟರ್ ಎಂದು ಅವರು ಗೊತ್ತುಪಡಿಸಿದರು. ದಲಾಂಬ್ರ ಮತ್ತು ಮೆಶೇನ್ ಎಂಬಿಬ್ಬರು ಖಗೋಳಜ್ಞರು ಡಂಕರ್ಕಿನಿಂದ ಬಾರ್ಸಿಲೋನಾದವರೆಗೆ ಏಳು ವರ್ಷ ಅಳೆದು ಆ ಲೆಕ್ಕ ಕೊಟ್ಟರು. (ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ 1800ರಲ್ಲೂ 1804ರಲ್ಲೂ ಸರಪಳಿ ಹಾಸಿ ನೆಲ ಅಳೆದುದರ ಹಿಂದೆಯೂ ಡಿಗ್ರಿಯ ಉದ್ದ ಎಷ್ಟೆಂಬ ಇದೇ ಕುತೂಹಲವಿತ್ತು.)

ಈಗ ಎರಡನ್ನೂ ಪಕ್ಕಪಕ್ಕ ಇಡಬೇಕು. ಸಮಭಾಜಕದಿಂದ ಧ್ರುವಕ್ಕೆ ಒಂದು ಲಂಬಕೋನ, 90 ಡಿಗ್ರಿ. 90ನ್ನು 60ರಿಂದ ಗುಣಿಸಿದರೆ 5,400 ಮಿನಿಟು, ಅಂದರೆ 5,400 ನಾಟಿಕಲ್ ಮೈಲು. ಅದೇ ದೂರ ಫ್ರೆಂಚರ ಲೆಕ್ಕದಲ್ಲಿ 10,000 ಕಿಲೋಮೀಟರ್. ಹತ್ತು ಸಾವಿರವನ್ನು ಐದು ಸಾವಿರದ ನಾಲ್ಕುನೂರರಿಂದ ಭಾಗಿಸಿದರೆ 1.852. ನಾಟನ್ನು ಕಿಲೋಮೀಟರಿಗೆ ತಿರುಗಿಸಲು ಪಠ್ಯಪುಸ್ತಕಗಳು ಬಾಯಿಪಾಠ ಮಾಡಿಸುವ ಸಂಖ್ಯೆ ಇದೇ. ಮೇಲುನೋಟಕ್ಕೆ ತಲೆಬುಡವಿಲ್ಲದಂತೆ ಕಾಣುವ ಈ ದಶಮಾಂಶ, ಒಂದೇ ಭೂಮಿಯನ್ನು ಇಬ್ಬರು ಬೇರೆ ಬೇರೆ ರೀತಿಯಲ್ಲಿ ಹೋಳು ಮಾಡಿದ್ದರ ಗುರುತು. ತಿರುಗಿಸಿ ಭಾಗಿಸಿದರೆ 0.54, ಕಿಲೋಮೀಟರಿನಿಂದ ನಾಟಿಗೆ ಬರಲು ಅದು ಸಾಕು.

ಫ್ರೆಂಚರ ಆಸೆ ಇನ್ನೂ ದೊಡ್ಡದಿತ್ತು. ಲಂಬಕೋನಕ್ಕೆ 90ರ ಬದಲು 100 ಭಾಗ, ಪ್ರತಿ ಭಾಗಕ್ಕೆ 60ರ ಬದಲು 100 ಮಿನಿಟು ಎಂದು ಅವರು ಕೋನವನ್ನೂ ದಶಮಾಂಶಕ್ಕೆ ತಂದಿದ್ದರು. ಆ ಲೆಕ್ಕದಲ್ಲಿ ಒಂದು ಮಿನಿಟಿನ ಉದ್ದ ಸರಿಯಾಗಿ ಒಂದು ಕಿಲೋಮೀಟರ್! ಅಂದರೆ ಕಿಲೋಮೀಟರ್ ಹುಟ್ಟಿದ್ದೇ ಹೊಸ ಲೆಕ್ಕದ ನಾಟಿಕಲ್ ಮೈಲಾಗಿ. ಜಗತ್ತು ಆ ಕೋನವನ್ನು ಒಪ್ಪಿಕೊಂಡಿದ್ದರೆ ನಕ್ಷೆಯ ಅಂಚಿನಲ್ಲಿ ಕಿಲೋಮೀಟರ್ ತಾನಾಗಿ ಮೂಡುತ್ತಿತ್ತು, ಪರಿವರ್ತನೆಯ ಮಾತೇ ಏಳುತ್ತಿರಲಿಲ್ಲ. ಆದರೆ ನಕ್ಷೆ, ನಕ್ಷತ್ರಗಳ ಕೋಷ್ಟಕ, ಉಪಕರಣಗಳು ಎಲ್ಲವೂ 360ರ ವೃತ್ತದಲ್ಲಿದ್ದವು. ಮೀಟರ್ ಗೆದ್ದಿತು, ದಶಮಾಂಶದ ಕೋನ ಮೂಲೆಗೆ ಸೇರಿತು.

ಒಂದು ತೊಡಕು ಉಳಿದಿತ್ತು. ಭೂಮಿ ಪೂರ್ಣ ಗೋಳವಲ್ಲ, ಧ್ರುವಗಳಲ್ಲಿ ಚಪ್ಪಟೆ. ಆದ್ದರಿಂದ ಅಕ್ಷಾಂಶದ ಒಂದು ಮಿನಿಟು ಸಮಭಾಜಕದ ಬಳಿ ಸುಮಾರು 1,843 ಮೀಟರ್, ಧ್ರುವದ ಬಳಿ ಸುಮಾರು 1,862 ಮೀಟರ್. ಯಾವುದನ್ನು ಮೈಲು ಎನ್ನುವುದು? ದೇಶಕ್ಕೊಂದು ಮೈಲು ಚಲಾವಣೆಯಲ್ಲಿತ್ತು. 1929ರಲ್ಲಿ ಮೊನಾಕೋದಲ್ಲಿ ಸೇರಿದ ಜಲಮಾಪನದ ಅಂತರರಾಷ್ಟ್ರೀಯ ಸಮ್ಮೇಳನ 1,852 ಮೀಟರ್ ಎಂದು ತೀರ್ಮಾನಿಸಿತು. ಅಮೆರಿಕ ಒಪ್ಪಿದ್ದು 1954ರಲ್ಲಿ, ಬ್ರಿಟನ್ ಒಪ್ಪಿದ್ದು 1970ರಲ್ಲಿ. ಭೂಮಿಯಿಂದ ಹುಟ್ಟಿದ ನಾಟಿಕಲ್ ಮೈಲಿಗೆ ಈಗ ಮೀಟರೇ ಆಧಾರ ಎಂಬುದು ತಮಾಷೆಯ ಸಂಗತಿ. ಭಾರತದ 1976ರ ಕಾನೂನಿನಂತೆ ನಮ್ಮ ಪ್ರಾದೇಶಿಕ ಜಲ 12 ನಾಟಿಕಲ್ ಮೈಲು, ಅಂದರೆ 22.2 ಕಿ.ಮೀ.; ಆರ್ಥಿಕ ಹಕ್ಕಿನ ವಲಯ 200 ನಾಟಿಕಲ್ ಮೈಲು, 370.4 ಕಿ.ಮೀ.

ವಿಮಾನಗಳೂ ಹಡಗಿನ ಸಂಪ್ರದಾಯವನ್ನೇ ಹಿಡಿದವು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಲ್ಲಿ ಮೆಟ್ರಿಕ್ ಅಳತೆಗಳೇ ಅಧಿಕೃತ; ನಾಟಿಗೆ ಇರುವುದು ‘ತಾತ್ಕಾಲಿಕ’ ಅನುಮತಿ. ಆದರೆ ಆ ತಾತ್ಕಾಲಿಕ ಎಂದು ಮುಗಿಯುತ್ತದೆ ಎಂಬ ದಿನಾಂಕವನ್ನು ಯಾರೂ ಗೊತ್ತುಮಾಡಿಲ್ಲ.

ಬಾಯಿಲೆಕ್ಕಕ್ಕೆ ಒಂದು ದಾರಿಯಿದೆ. ನಾಟನ್ನು ದುಪ್ಪಟ್ಟು ಮಾಡಿ ಹತ್ತರಲ್ಲೊಂದು ಪಾಲು ಕಳೆದರೆ ಸ್ಥೂಲವಾಗಿ ಕಿಲೋಮೀಟರ್ ಸಿಗುತ್ತದೆ, ನೂರಕ್ಕೆ ಮೂರರಷ್ಟು ಕಡಿಮೆ. ಹತ್ತರ ಬದಲು ನೂರಕ್ಕೆ ಏಳೂವರೆಯಂತೆ ಕಳೆದರೆ ತಪ್ಪು ಇಲ್ಲವೆನ್ನುವಷ್ಟು: 34ರ ದುಪ್ಪಟ್ಟು 68, ಅದರಲ್ಲಿ 5.1 ಕಳೆದರೆ 62.9. ಸೆಕೆಂಡಿಗೆ ಎಷ್ಟು ಮೀಟರ್ ಎಂದು ಬೇಕಿದ್ದರೆ ನಾಟಿನ ಅರ್ಧ ಹಿಡಿದರೆ ಹೆಚ್ಚುಕಡಿಮೆ ಸರಿ.

ಗಾಳಿಯ ವಿಷಯದಲ್ಲಿ ಹೆಚ್ಚುಕಡಿಮೆಗೂ ಒಂದು ಮಿತಿ ಬೇಕು. 34 ಮತ್ತು 64 ಎಂಬ ಗೆರೆಗಳು ಬಂದದ್ದು ಬ್ಯೂಫರ್ಟ್ ಮಾಪಕದಿಂದ. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫರ್ಟ್ 1806ರ ಜನವರಿಯಲ್ಲಿ ತನ್ನ ದಿನಚರಿಯಲ್ಲಿ ಗಾಳಿಯ ಬಲವನ್ನು ಅಂಕಿಗಳಲ್ಲಿ ವರ್ಗೀಕರಿಸಿದ. ಮುಂದೆ ಅದು ಶೂನ್ಯದಿಂದ 12ರವರೆಗಿನ ಮಾಪಕವಾಯಿತು. ಅವನು ಗಾಳಿಯ ವೇಗ ಅಳೆಯಲಿಲ್ಲ, ಎಷ್ಟು ಹಾಯಿ ಬಿಚ್ಚಬಹುದು ಎಂದು ನೋಡಿದ. 12 ಎಂದರೆ ಯಾವ ಹಾಯಿಯೂ ತಡೆಯದ ಗಾಳಿ. ನಂತರದವರು ಆ ಅಂಕಿಗಳಿಗೆ ವೇಗ ಹೊಂದಿಸಿದಾಗ 8ಕ್ಕೆ 34ರಿಂದ 40 ನಾಟ್, 12ಕ್ಕೆ 64 ನಾಟ್ ಮತ್ತು ಅದರ ಮೇಲಿನದು ಬಂತು.

ಗಾಳಿ ತಟ್ಟುವ ಒತ್ತಡ ವೇಗದಂತೆ ಏರುವುದಿಲ್ಲ, ವೇಗದ ವರ್ಗದಂತೆ ಏರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. 1.852ರ ವರ್ಗ 3.43. ನಾಟನ್ನು ಕಿಲೋಮೀಟರ್ ಎಂದು ತಪ್ಪಾಗಿ ಓದಿದವನು ವೇಗವನ್ನು ಅರ್ಧದಷ್ಟು ಎಂದುಕೊಂಡಿರುತ್ತಾನೆ, ಆದರೆ ದೋಣಿಗೆ, ಮಾಡಿಗೆ, ತೆಂಗಿನ ಮರಕ್ಕೆ ಬೀಳುವ ಹೊಡೆತ ಅವನ ಅಂದಾಜಿನ ಮೂರೂವರೆ ಪಟ್ಟು. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಅಪ್ಪಳಿಸಿದ ಸೂಪರ್ ಸೈಕ್ಲೋನಿನ ಗಾಳಿ 140 ನಾಟ್. 140 ಎಂಬ ಅಂಕಿ ಕೇಳಿ ಹೆದ್ದಾರಿಯ ಕಾರನ್ನು ನೆನೆಸಿಕೊಂಡರೆ ಕೆಟ್ಟೆವು. ಅದು ಗಂಟೆಗೆ 260 ಕಿಲೋಮೀಟರ್.

ಇನ್ನು ಕರಾವಳಿಯ ಆ ಪ್ರಕಟಣೆಯ 45, 55, 65 ಎಂಬ ಅಂಕಿಗಳನ್ನು ಮೂಲಕ್ಕೆ ತಿರುಗಿಸಿದರೆ 25, 30, 35 ನಾಟ್ ಆಗುತ್ತವೆ. ಕಿಲೋಮೀಟರಿನ ಉಡುಪಿನಲ್ಲಿ ಬರುವ ನಾವಿಕರ ಗುಂಡಂಕಿಗಳು ಅವು. ಆಗಾಗ ಏಳುವ 65 ಕಿ.ಮೀ. ಗಾಳಿ, ಅಂದರೆ 35 ನಾಟ್, ಬ್ಯೂಫರ್ಟನ 8ನೆಯ ಅಂಕಿಯ ಹೊಸ್ತಿಲನ್ನು ಒಂದು ಗಂಟು ದಾಟಿರುತ್ತದೆ.